ಪಕ್ಕದ ಸೀಟಿನ ಬ್ರೇಕ್

ನನ್ನ ಗಂಡನನ್ನು ಊರಿನವರೆಲ್ಲ ಮೇಷ್ಟ್ರು ಎಂದು ಕರೆಯುತ್ತಾರೆ. ಅವರು ಯಾವ ಮಗುವಿಗೂ ಅಕ್ಷರ ಕಲಿಸಿದವರಲ್ಲ, ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ನಮ್ಮೂರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಇವರ ಬಾಯಲ್ಲಿ ಬೈಸಿಕೊಂಡೇ ಹಿಡಿದವರು. ಹಲ್ಲಿನ ಡಾಕ್ಟರು, ಬ್ಯಾಂಕಿನ ಮ್ಯಾನೇಜರು, ಮೀನು ಮಾರುವವನ ಮಗಳು, ಎದುರಿಗೆ ಬಂದವರ ಗುರುತು ಹತ್ತದ ಪೋಸ್ಟ್ ಮಾಸ್ಟರು, ಎಲ್ಲರಿಗೂ ಕಲಿಸಿದ್ದಾರೆ. ಕಲಿಯದೆ ಉಳಿದವಳು ಒಬ್ಬಳೇ, ಅವರಿಗೆ ದಿನಾ ಬೆಳಿಗ್ಗೆ ಕಾಫಿ ಕೊಡುವವಳು. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಕೇಳಲಿಲ್ಲ ಅಂತೇನಿಲ್ಲ, ಮದುವೆಯಾದ ವರ್ಷದಿಂದ ಕೇಳಿದ್ದೇನೆ. "ನಿಂಗ್ಯಾಕೆ ಬೇಕು? ಎಲ್ಲಿಗೆ ಹೋಗ್ಬೇಕು ಹೇಳು, ನಾನಿಲ್ವಾ?" ಎಂದರು ಮೊದಲು. ಆಮೇಲೆ "ನೀನು ಗಾಬರಿ ಸ್ವಭಾವದವಳು" ಎಂದರು. ಗಾಬರಿ ಸ್ವಭಾವದವಳು ಇವರ ತಾಯಿಯ ಜೊತೆ ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಬಾಳುತ್ತಿದ್ದಳೇ? ಕೊನೆಗೆ ಒಂದು ಒಳ್ಳೆಯ ಉಪಾಯ ಕಂಡುಕೊಂಡರು. "ಒಂದ್ಸಲ ಬೆಟ್ಟಕ್ಕೆ ಹೋಗೋಣ. ಅಲ್ಲಿ ಕೆರೆ ಸುತ್ತ ಒಳ್ಳೆ ಸಪಾಟಾದ ರಸ್ತೆ ಇದೆ. ಅಲ್ಲೇ ಕಲಿಸ್ತೀನಿ." ಬೆಟ್ಟಕ್ಕೆ ನಾವು ಹೋಗುವ ಹಾಗಿರಲಿಲ್ಲ, ಆದ್ದರಿಂದ ಮಾತು ಕೊಡುವುದಕ್ಕೆ ಏನೂ ಅಡ್ಡಿಯಿರಲಿಲ್ಲ. ಪ್ರತಿ ವರ್ಷವೂ ಕೊಟ್ಟರು.

ಹೋದ ವರ್ಷ ನನಗೆ ರೇಗಿಹೋಯಿತು. ರಸ್ತೆ ದಾಟಿ ಎದುರಿನವಳ ಹತ್ತಿರ ಹೋಗಿ ಸೇರಿಬಿಟ್ಟೆ. ಎದುರಿನವಳು ಅಂದರೆ ನಮ್ಮ ಸ್ಕೂಲಿನ ಎದುರಿಗೇ ಇನ್ನೊಂದು ಸ್ಕೂಲ್ ತೆರೆದವಳು. ಒಂದು ಕಾಲಕ್ಕೆ ಇವರ ಶಿಷ್ಯೆ. ಗುರುವಿಗೆ ತಿರುಮಂತ್ರ ಹಾಕಿದಳು ಎಂದು ನಮ್ಮ ಮನೆಯಲ್ಲಿ ಅವಳ ಹೆಸರು ಎತ್ತುವ ಹಾಗಿಲ್ಲ. ಇವರು ಕಲಿಸುವುದು "ಒಂದೇ ಸಲ ತುಳಿ!" ಎಂದು. ಅವಳು ಬ್ರೇಕನ್ನು ತುಳಿಯುವುದಕ್ಕೇ ಬಿಡುವುದಿಲ್ಲ. "ಮೊದ್ಲು ಮುಟ್ಟಿ ಅಕ್ಕಾ, ಆಮೇಲೆ ಒತ್ತಿ" ಅನ್ನುತ್ತಾಳೆ. ಮುಟ್ಟಿ, ಒತ್ತಿ, ಮುಟ್ಟಿ, ಒತ್ತಿ ಲೈಸೆನ್ಸ್ ಬಂತು. ಪರ್ಸಿನ ಒಳಜೇಬಿನಲ್ಲಿ ಇಟ್ಟುಕೊಂಡೆ. ಮನೆಯಲ್ಲಿ ಹೊಲಿಗೆ ಕ್ಲಾಸು ಎಂದು ಹೇಳಿದ್ದೆ. ಒಂದು ಗುಂಡಿಯನ್ನೂ ಹೊಲಿದು ತೋರಿಸಲಿಲ್ಲ, ಯಾರೂ ಕೇಳಲೂ ಇಲ್ಲ.

ನನಗೆ ಬೇಕಾಗಿದ್ದದ್ದು ಇಷ್ಟೇ. ಕೆರೆ ದಂಡೆಯ ಆ ಸಪಾಟು ರಸ್ತೆಯಲ್ಲಿ ಇವರು "ಬಾ, ಕೂತ್ಕೋ, ಇದಕ್ಕೆ ಸ್ಟೀರಿಂಗ್ ಅಂತಾರೆ" ಎನ್ನಬೇಕು. ನಾನು ಕೂತು ಒಂದು ಸುತ್ತು ಹೊಡೆದು ತಂದು ನಿಲ್ಲಿಸಬೇಕು. ನನ್ನ ಕೈಯಲ್ಲಿ ಸ್ಟೀರಿಂಗ್ ಇರುವಾಗ ಈ ಮನುಷ್ಯ ಪಕ್ಕದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡು ಕೂರಬೇಕು. ಸೀರೆ ಬೇಡ, ಸರ ಬೇಡ.

ಕೊನೆಗೆ ಬೆಟ್ಟಕ್ಕೆ ಹೊರಡಿಸಿದ್ದು ನಾನಲ್ಲ, ಅತ್ತೆ. ಔಷಧಿ ಅಂಗಡಿಯವರ ಅಮ್ಮ ಬೆಟ್ಟಕ್ಕೆ ಹೋಗಿಬಂದವರು ಸುಡುಬಿಸಿಲಿನಲ್ಲಿ ಉಣ್ಣೆ ಶಾಲು ಹೊದ್ದು ಬೀದಿಯಲ್ಲಿ ಓಡಾಡತೊಡಗಿದ್ದರು. "ಅಬ್ಬಬ್ಬಾ, ಅಲ್ಲಿ ಚಳಿ ಅಂದ್ರೆ ಚಳಿ" ಎಂದು ಬೆವರು ಒರೆಸಿಕೊಳ್ಳುತ್ತಾ ಹೇಳುತ್ತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ. "ಪುಟ್ಟಾ, ಸಾಯೋದ್ರೊಳಗೆ ನಾನೂ ಒಂದ್ಸಲ ಚಳಿ ನೋಡ್ಬೇಕು ಕಣೋ" ಎಂದರು. ಪುಟ್ಟ ಅಂದರೆ ಇವರೇ. ತಲೆಯಲ್ಲಿ ಕೂದಲು ಹುಡುಕಬೇಕು, ಹೆಸರು ಪುಟ್ಟ. ತಾಯಿಯ ಮಾತು ತೆಗೆದುಹಾಕುವುದಕ್ಕೆ ಆಗಲಿಲ್ಲ. "ಆಯ್ತಮ್ಮಾ, ಈ ಶನಿವಾರ" ಎಂದರು, ಮುಖ ಹರಳೆಣ್ಣೆ ಕುಡಿದವರಂತಿತ್ತು. ಒಂದು ದಿನ ಸ್ಕೂಲ್ ಮುಚ್ಚಬೇಕಲ್ಲ ಎಂಬ ಸಂಕಟ ಅಂದುಕೊಂಡೆ.

ನಮ್ಮ ಸ್ವಂತ ಕಾರು ಅಂದರೆ ಸ್ಕೂಲಿನ ಕಾರೇ. ತಲೆಯ ಮೇಲೆ 'ಕಲಿಯುವವರು' ಎಂಬ ಕೆಂಪು ಬೋರ್ಡು. ಬಾಗಿಲ ಮೇಲೆ ಆನೆ ಗಾತ್ರದ ಅಕ್ಷರದಲ್ಲಿ 'ಭಯವೇಕೆ? ಮೇಷ್ಟ್ರಿದ್ದಾರೆ!' ಪಕ್ಕದ ಸೀಟಿನ ಕೆಳಗೆ ಮೇಷ್ಟ್ರಿಗೆಂದು ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು. ಒಳಗಿಂದ ಎರಡನ್ನೂ ಕೂಡಿಸಿರುತ್ತಾರೆ, ಇಲ್ಲಿ ತುಳಿದರೆ ಅಲ್ಲಿಯದೂ ಇಳಿಯುತ್ತದೆ. ಕಲಿಯುವವನು ಕಂಬಕ್ಕೆ ಗುದ್ದುವ ಮೊದಲು ಮೇಷ್ಟ್ರು ತುಳಿಯಬೇಕು, ಅದಕ್ಕೆ ಈ ಏರ್ಪಾಟು.

"ಆ ಬೋರ್ಡಾದ್ರೂ ಬಿಚ್ಚಿಡ್ರೀ, ನಾವೇನು ಪರೀಕ್ಷೆಗೆ ಹೋಗ್ತಿದೀವಾ?" ಎಂದೆ.

"ಇರ್ಲಿ ಬಿಡೇ, ದಾರಿಯುದ್ದಕ್ಕೂ ಪ್ರಚಾರ ಆಗತ್ತೆ."

ಅತ್ತೆ ಎರಡು ಸ್ವೆಟರ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಇವರು ಹೊರಗೆ ಬಂದವರೇ ಸೀದಾ ಪಕ್ಕದ ಸೀಟಿನ ಬಾಗಿಲು ತೆಗೆದು ಕೂತು, ಬೆಲ್ಟ್ ಹಾಕಿಕೊಂಡು "ಹೂಂ, ಸ್ಟಾರ್ಟ್ ಮಾಡು" ಎಂದರು. ಯಾರಿಗೆ ಹೇಳಿದರೋ! ಸ್ಟೀರಿಂಗಿನ ಹಿಂದೆ ಯಾರೂ ಇರಲಿಲ್ಲ. ಆಮೇಲೆ ಗೊತ್ತಾಗಿ "ಅಭ್ಯಾಸ ಬಲ" ಎನ್ನುತ್ತಾ ಇಳಿದು ಆ ಕಡೆಗೆ ಹೋದರು.

ಆಗ ನನಗೆ ನಗು ಬಂತು. ಊರು ದಾಟುವ ಹೊತ್ತಿಗೆ ಆ ನಗು ಅರ್ಧ ಇಳಿದಿತ್ತು. ನೆನಪು ಮಾಡಿಕೊಂಡರೆ, ಈ ಮನುಷ್ಯ ಕಾರು ಓಡಿಸಿದ್ದನ್ನು ನಾನು ನೋಡಿ ಎಷ್ಟು ಕಾಲವಾಯಿತು? ಬೆಳಿಗ್ಗೆ ಮೊದಲ ವಿದ್ಯಾರ್ಥಿ ಮನೆ ಬಾಗಿಲಿಗೇ ಬಂದು, ಕಾರು ತೆಗೆದು, ಇವರನ್ನು ಕೂರಿಸಿಕೊಂಡು ಹೋಗುತ್ತಾನೆ. ಸಂಜೆ ಕೊನೆಯ ವಿದ್ಯಾರ್ಥಿ ತಂದು ಬಿಡುತ್ತಾನೆ. ನಡುವೆ ಇಡೀ ದಿನ ಪಕ್ಕದ ಸೀಟು. ತರಕಾರಿ ತರುವುದೂ ಯಾವನಾದರೊಬ್ಬನ ರಿವರ್ಸ್ ಪಾಠದಲ್ಲೇ ಮುಗಿಯುತ್ತದೆ. ಇವರ ಕಾಲಿಗೆ ಗೊತ್ತಿರುವುದು ಎರಡೇ ಪೆಡಲು, ಬಾಯಿಗೆ ಗೊತ್ತಿರುವುದು ಮಿಕ್ಕಿದ್ದೆಲ್ಲ.

ಬಯಲಿನ ರಸ್ತೆಯಲ್ಲಿ ಹೇಗೋ ಆಯಿತು. ಘಾಟಿ ಶುರುವಾದ ಮೇಲೆ ಎರಡು ತಿರುವು ದಾಟಿತು. ಮೂರನೆಯ ತಿರುವಿನಲ್ಲಿ ಮೇಲಿನಿಂದ ಒಂದು ಲಾರಿ ಬಂತು. ಇವರು ಏನು ಮಾಡಬೇಕಿತ್ತು? ಬ್ರೇಕ್ ಹಾಕಬೇಕಿತ್ತು. ಏನು ಮಾಡಿದರು? ಗಂಟಲು ಹರಿಯುವ ಹಾಗೆ ಕೂಗಿದರು. "ಬ್ರೇಕ್! ಬ್ರೇಕ್! ಬ್ರೇಕ್ ಹಾಕೋ!"

ಸ್ಟೀರಿಂಗ್ ಹಿಡಿದವರು ಅವರೇ, ಕೂಗಿದವರೂ ಅವರೇ. ಕಾಲು ತಾನಾಗಿ ಹೋಯಿತು. ಮುಟ್ಟಿದೆ, ಒತ್ತಿದೆ, ಕ್ಲಚ್ಚನ್ನೂ ಇಳಿಸಿದೆ. ಕಾರು ಲಾರಿಯ ಮೂತಿಯ ಮುಂದೆ ಮೆತ್ತಗೆ ನಿಂತಿತು.

"ಹಾಂ! ಹಾಗೆ!" ಎಂದರು ಇವರು, ದಿನಾ ವಿದ್ಯಾರ್ಥಿಗಳಿಗೆ ಹೇಳುವ ಅದೇ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ, "ನೋಡಿದ್ಯಾ, ಬ್ರೇಕ್ ಹೇಗೆ ಹಿಡೀತು? ಗಾಡಿ ಇಟ್ಕೊಂಡ್ರೆ ಹಿಂಗಿಟ್ಕೋಬೇಕು."

"ನನ್ನ ಮಗ ಅಂದ್ರೆ ಸುಮ್ನೆನಾ" ಎಂದರು ಅತ್ತೆ ಹಿಂದಿನಿಂದ. ಘಾಟಿ ಶುರುವಾದಾಗಲೇ ಅವರು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು. ಮಗನ ಚಾಲನೆಯನ್ನು ಹೊಗಳುವುದಕ್ಕೆ ಕಣ್ಣು ಬೇಕಾಗಿರಲಿಲ್ಲ.

ಅಲ್ಲಿಂದ ಮೇಲಕ್ಕೆ ನಾನೇ ಬ್ರೇಕು, ಅವರೇ ಬಾಯಿ. ತಿರುವು ಬಂದಾಗ ನಾನು ಸದ್ದಿಲ್ಲದೆ ಮುಟ್ಟಿ ಒತ್ತುತ್ತಿದ್ದೆ. ಅವರು ಎಂಜಿನ್ನು, ಗೇರು, ಈಗಿನ ಹುಡುಗರಿಗೆ ತಾಳ್ಮೆ ಇಲ್ಲದಿರುವುದು, ಎದುರಿನವಳು ಕಾಸಿಗಾಗಿ ವಿದ್ಯೆ ಕೆಡಿಸಿದ್ದು, ಎಲ್ಲವನ್ನೂ ವಿವರಿಸುತ್ತಿದ್ದರು. ಬಾಯಿ ಅಷ್ಟು ಓಡುವಾಗ ಕಾಲಿಗೆ ಏನು ಗೊತ್ತಾಗಬೇಕು ಅಂದುಕೊಂಡೆ. ಬೋರ್ಡು ನೋಡಿದ ಗಾಡಿಗಳೆಲ್ಲ ದೂರದಿಂದಲೇ ದಾರಿ ಬಿಟ್ಟವು. ಬೈಕಿನಲ್ಲಿ ಬಂದ ಹುಡುಗಿಯೊಬ್ಬಳು ಪಕ್ಕಕ್ಕೆ ಬಂದು, "ಪರವಾಗಿಲ್ಲ ಅಂಕಲ್, ಚೆನ್ನಾಗಿ ಕಲೀತಿದೀರಿ! ಹೆದರ್ಕೋಬೇಡಿ!" ಎಂದು ಧೈರ್ಯ ಹೇಳಿ ಹೋದಳು. ಪ್ರಚಾರ ಚೆನ್ನಾಗಿಯೇ ಆಗುತ್ತಿತ್ತು.

ಬೆಟ್ಟದ ಬಗ್ಗೆ ಏನು ಹೇಳಲಿ? ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಹತ್ತಿರ ಹೋದರೆ ಬೆಟ್ಟವೇ ಇರಲಿಲ್ಲ, ಬರೀ ಕಾರುಗಳಿದ್ದವು. ಊರಿನ ಗದ್ದಲ ಸಾಕಾಯಿತು ಎಂದು ಓಡಿಬಂದವರೆಲ್ಲ ಒಂದೇ ರಸ್ತೆಯಲ್ಲಿ ನಿಂತು ಹಾರ್ನ್ ಒತ್ತುತ್ತಿದ್ದರು. ಹೋಟೆಲಿನವರು ಕಣಿವೆ ಕಾಣುವ ರೂಮು ಎಂದು ಹೇಳಿದ್ದರು. ಕಿಟಕಿ ತೆಗೆದರೆ ಪಕ್ಕದ ಹೋಟೆಲಿನ ನೀರಿನ ಟ್ಯಾಂಕು, ಅದರ ಮೇಲೆ ಒಣಗಲು ಹಾಕಿದ ಬೆಡ್‌ಶೀಟು. ಮ್ಯಾನೇಜರನ್ನು ಕರೆದು ಕೇಳಿದರೆ, "ಕಣಿವೆ ಟ್ಯಾಂಕಿನ ಹಿಂದಿದೆ ಮೇಡಂ" ಎಂದ. ಸುಳ್ಳೇನಲ್ಲ.

ವ್ಯೂ ಪಾಯಿಂಟಿಗೂ ಹೋದೆವು. ಟಿಕೆಟ್ ಕೊಂಡು ಒಳಗೆ ಹೋದರೆ ಹಾಲು ಸುರಿದಂತೆ ಮಂಜು. ಏನೇನು ಕಾಣುತ್ತದೆ ಎಂದು ಬರೆದ ಬೋರ್ಡೊಂದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. ಜನ ಸಾಲಾಗಿ ನಿಂತು ಆ ಬೋರ್ಡಿನ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅತ್ತೆ ಮಾತ್ರ ತೃಪ್ತರಾಗಿದ್ದರು, ಅವರಿಗೆ ಚಳಿ ಸಿಕ್ಕಿತ್ತು. ಎರಡು ಸ್ವೆಟರಿನ ಮೇಲೆ ಒಂದು ಶಾಲು ಕೊಂಡು ಹೊದ್ದುಕೊಂಡು, "ಆ ಔಷಧಿ ಅಂಗಡಿಯವಳದ್ದು ಇದಕ್ಕಿಂತ ತೆಳು" ಎಂದರು.

ಸಂಜೆ ಕೆರೆ ಹತ್ತಿರ ಹೋದೆವು. ಸಪಾಟು ರಸ್ತೆ ಇದ್ದದ್ದು ನಿಜ. ಜನವೂ ಒಂದಿಷ್ಟು ಕಡಿಮೆಯಾಗಿದ್ದರು. "ರೀ, ಕಲಿಸ್ತೀನಿ ಅಂದಿದ್ರಲ್ಲ. ಇದೇ ಕೆರೆ, ಇದೇ ರಸ್ತೆ" ಎಂದೆ.

"ಇವತ್ತಾ?" ಎಂದು ಆಕಾಶ ನೋಡಿದರು. "ಮಂಜು ಬೇರೆ. ಕುದುರೆ ಬೇರೆ ಓಡಾಡ್ತಿವೆ. ಯಾವುದಕ್ಕಾದ್ರೂ ಗುದ್ದಿಬಿಟ್ರೆ?"

"ಕುದುರೆ ಅಷ್ಟು ದೂರದಲ್ಲಿದೆ ರೀ."

"ಒಂದಿನದಲ್ಲಿ ಬರೋ ವಿದ್ಯೆ ಅಲ್ಲ ಕಣೇ ಇದು. ನೀನು ಗಾಬರಿ..."

"ಸ್ವಭಾವದವಳು. ಗೊತ್ತು."

ಬೆಳಿಗ್ಗೆಯಿಂದ ನನ್ನ ಮೊಣಕಾಲು ನೋಯುವಷ್ಟು ಇವರ ಬ್ರೇಕ್ ತುಳಿದಿದ್ದೆ! ಆ ಕ್ಷಣವೇ ತೀರ್ಮಾನ ಮಾಡಿದೆ. ರಾತ್ರಿ ಊಟದ ಮೇಜಿನ ಮೇಲೆ ಲೈಸೆನ್ಸ್ ಎಸೆಯುತ್ತೇನೆ. ಯಾರು ಕಲಿಸಿದ್ದು ಎಂಬುದನ್ನೂ ಹೇಳುತ್ತೇನೆ. ಅವಳ ಹೆಸರನ್ನು ಜೋರಾಗಿ, ಪಕ್ಕದ ಮೇಜಿನವರಿಗೂ ಕೇಳುವ ಹಾಗೆ ಹೇಳುತ್ತೇನೆ.

ಊಟಕ್ಕೆ ಇವರು ಮೊದಲೇ ಇಳಿದಿದ್ದರು. ನಾನು ಪರ್ಸಿನೊಳಗೆ ಕೈ ಹಾಕಿಕೊಂಡೇ ಮೆಟ್ಟಿಲಿಳಿಯುತ್ತಿದ್ದೆ. ಕೆಳಗೆ ಕೌಂಟರಿನಲ್ಲಿ ಇವರ ದನಿ ಕೇಳಿತು, ಪಿಸುಮಾತಿನಲ್ಲಿ. "ನಾಳೆ ಕೆಳಗೆ ಇಳಿಸೋಕೆ ಯಾರಾದ್ರೂ ಡ್ರೈವರ್ ಸಿಗ್ತಾರಾ?"

ಮ್ಯಾನೇಜರ್ ನಗುವುದಕ್ಕೆ ಶುರುಮಾಡಿದ. "ಡ್ರೈವಿಂಗ್ ಸ್ಕೂಲ್ ಕಾರಿಗೆ ಡ್ರೈವರಾ ಸಾರ್? ಭಯವೇಕೆ, ಮೇಷ್ಟ್ರಿದ್ದಾರೆ!"

ಇವರೂ ನಕ್ಕರು. "ಇಲ್ಲಪ್ಪಾ, ನಂಗೂ ಒಂದಿನ ರೆಸ್ಟ್ ಬೇಡ್ವಾ ಅಂತ" ಎಂದರು. ನಗು ಮುಗಿದ ಮೇಲೂ ಕೌಂಟರಿನ ಅಂಚನ್ನು ಹಿಡಿದುಕೊಂಡೇ ನಿಂತಿದ್ದರು. ಊಟದಲ್ಲಿ ತಟ್ಟೆಯ ಮೇಲೆ ಬೆರಳಾಡಿಸಿದರು, ತುತ್ತೆತ್ತಲಿಲ್ಲ. "ಯಾಕೋ ಪುಟ್ಟಾ?" ಎಂದು ಅತ್ತೆ ಕೇಳಿದರೆ "ಚಳಿಗೆ ಹಸಿವಾಗಲ್ಲ" ಎಂದರು. ಚಳಿಗೆ ಹಸಿವಾಗದವರನ್ನು ನಾನು ಅಂದೇ ಮೊದಲು ಕಂಡದ್ದು. ಪರ್ಸಿನೊಳಗಿನ ಕೈಯನ್ನು ಹಾಗೇ ಹೊರಗೆ ತೆಗೆದೆ. ಯಾಕೆಂದು ಕೇಳಬೇಡಿ, ನನಗೇ ನನ್ನ ಮೇಲೆ ಸಿಟ್ಟು ಬಂದಿತ್ತು.

ಮರುದಿನ ಹೊರಟೆವು. ಡ್ರೈವರ್ ಸಿಕ್ಕಿರಲಿಲ್ಲ. ಇವರು ಸ್ಟೀರಿಂಗಿನ ಹಿಂದೆ ಕೂತು ಕನ್ನಡಿ ಸರಿಮಾಡಿದರು, ಸೀಟು ಸರಿಮಾಡಿದರು, ಮತ್ತೆ ಕನ್ನಡಿ ಸರಿಮಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ಈ ರಸ್ತೆ ಮಾಡಿದವನಿಗೆ ಬುದ್ಧಿ ಇಲ್ಲ" ಎಂದು ಮೊದಲ ತಿರುವಿಗೆ ಮುಂಚೆಯೇ ಘೋಷಿಸಿದರು. ಅತ್ತೆ ಕಣ್ಣು ಮುಚ್ಚಿದರು. ನಾನು ಚಪ್ಪಲಿ ಬಿಚ್ಚಿ ಬ್ರೇಕಿನ ಮೇಲೆ ಬರಿಗಾಲು ಇಟ್ಟೆ.

ಅರ್ಧ ಘಾಟಿ ಹೀಗೇ ಇಳಿದೆವು, ಮುಟ್ಟಿ, ಒತ್ತಿ. ಆಮೇಲೆ ಒಂದು ಇಕ್ಕಟ್ಟಾದ ತಿರುವಿನಲ್ಲಿ ಕೆಳಗಿನಿಂದ ತುಂಬಿದ ಬಸ್ಸು ಬಂತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಮೇಲೇರುವ ಗಾಡಿಗೆ ದಾರಿ ಬಿಡಬೇಕು. ನಾವು ಹಿಂದಕ್ಕೆ, ಏರಿಗೆ, ರಸ್ತೆ ಅಗಲವಾಗಿದ್ದ ಜಾಗದವರೆಗೆ ಹೋಗಬೇಕಿತ್ತು. ಮೇಷ್ಟ್ರು ದಿನಾ ಬೆಳಿಗ್ಗೆ ಬಾಯಲ್ಲೇ ಮಾಡಿಸುವ ಪಾಠ ಇದು.

ರಿವರ್ಸ್ ಹಾಕಿದರು, ಎಂಜಿನ್ ಆಫ್ ಆಯಿತು. ಮತ್ತೆ ಹಾಕಿದರು, ಮತ್ತೆ ಆಫ್. ಮೂರನೆಯ ಸಲ ಕಾರು ಒಂದು ಗೇಣು ಮುಂದಕ್ಕೆ, ಬಸ್ಸಿನ ಕಡೆಗೇ ಜಾರಿತು. ನಾನು ಒತ್ತಿ ಹಿಡಿದೆ. ಇವರ ಕಾಲು ಕೆಳಗೆ ತಡಕಾಡುತ್ತಿತ್ತು. ಹಣೆಯಲ್ಲಿ ಬೆವರು. ಆ ಚಳಿಯಲ್ಲಿ!

ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿದ. ಬೋರ್ಡು ಓದಿದ, ಇವರನ್ನು ನೋಡಿದ, ಪಕ್ಕದ ಸೀಟಿನಲ್ಲಿದ್ದ ನನ್ನನ್ನು ನೋಡಿದ. "ಮೇಡಂ, ಪಾಠ ಸಾಕು! ಅವರಿಗಿನ್ನೂ ಬರಲ್ಲ, ನೀವೇ ಕೂತು ತೆಗೀರಿ!"

ಬಸ್ಸಿನ ಕಿಟಕಿ ಕಿಟಕಿಯಲ್ಲೂ ನಗು. ಇಷ್ಟು ವರ್ಷ ನಾನು ಕಾದದ್ದು ಇಂಥ ಒಂದು ಗಳಿಗೆಗೇ. ಹೇಳಬೇಕಾದ ಮಾತು ಒಂದೊಂದೂ ಬಾಯಿಪಾಠವಾಗಿತ್ತು. ಇವರ ಕಡೆ ತಿರುಗಿದೆ. ಸ್ಟೀರಿಂಗ್ ಬಿಟ್ಟು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡಿದ್ದರು.

"ನಂಗೆ ಆಗ್ತಿಲ್ಲ ಕಣೇ" ಎಂದರು.

ಈ ಮಾತು ಇವರ ಬಾಯಿಂದ ನಾನು ಯಾವತ್ತೂ ಕೇಳಿರಲಿಲ್ಲ. ನನಗೆ ಅಯ್ಯೋ ಅನಿಸಿತು. ಬಾಯಿಪಾಠ ಮಾಡಿದ್ದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ.

"ಹ್ಯಾಂಡ್ ಬ್ರೇಕ್ ಎಳೀರಿ. ಗೇರಲ್ಲೇ ಬಿಡಿ. ಇಳಿದು ಈ ಕಡೆ ಬನ್ನಿ" ಎಂದೆ. ಹೇಳಿದ ಹಾಗೆ ಮಾಡಿದರು. ನಾನು ಅಲ್ಲಿಂದಲೇ ದಾಟಿಕೊಂಡು ಸ್ಟೀರಿಂಗಿನ ಹಿಂದೆ ಕೂತೆ. ಅವರು ಸುತ್ತಿ ಬಂದು ತಮ್ಮ ಸೀಟಿನಲ್ಲಿ ಕೂತರು. ಸ್ಟಾರ್ಟ್ ಮಾಡಿ, ಕ್ಲಚ್ಚನ್ನು ಅರ್ಧಕ್ಕೆ ತಂದು, ಕಾರು ನಡುಗಿದಾಗ ಹ್ಯಾಂಡ್ ಬ್ರೇಕ್ ಬಿಟ್ಟೆ. ಹಿಂದಕ್ಕೆ, ಏರಿಗೆ, ಬಂಡೆಯ ಪಕ್ಕಕ್ಕೆ. ನಿಲ್ಲಿಸಿದೆ. ಬಸ್ಸು ನಮ್ಮನ್ನು ಸವರಿಕೊಂಡು ಮೇಲೆ ಹೋಯಿತು. "ಥ್ಯಾಂಕ್ಸ್ ಮೇಡಂ! ಅವರಿಗೆ ಬೈಬೇಡಿ, ನಿಧಾನಕ್ಕೆ ಕಲೀತಾರೆ!" ಎಂದ ಡ್ರೈವರ್.

ಅಷ್ಟು ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು. ನನ್ನ ಬೆನ್ನು ನೋಡಿದರು. "ಅಯ್ಯಯ್ಯೋ! ಪುಟ್ಟ ಎಲ್ಲಿ?"

"ಇಲ್ಲೇ ಇದೀನಮ್ಮಾ."

ಅತ್ತೆ ಶಾಲು ಸರಿಮಾಡಿಕೊಂಡರು. "ಇವಳೂ ಕಲಿತುಬಿಟ್ಲಾ? ಇರ್ಲಿ. ನನ್ನ ಮಗ ಕಲಿಸಿದ್ರೆ ಕಲ್ಲೂ ಕಲಿಯತ್ತೆ" ಎಂದು ಮತ್ತೆ ಕಣ್ಣು ಮುಚ್ಚಿದರು.

ಹಲ್ಲು ಕಚ್ಚಿಕೊಂಡು ಗಾಡಿ ಇಳಿಸತೊಡಗಿದೆ. ಈಗ ಕೇಳುತ್ತಾರೆ, ಈಗ ಕೂಗಾಡುತ್ತಾರೆ ಎಂದು ಕಾದೆ. ಎರಡು ತಿರುವು ದಾಟಿತು. ಇವರು ತುಟಿ ಪಿಟಕ್ ಅನ್ನಲಿಲ್ಲ. ನನಗೇ ತಡೆಯಲಿಲ್ಲ.

"ಯಾರು ಕಲಿಸಿದ್ದು ಅಂತ ಕೇಳಲ್ವಾ?"

"ಗೊತ್ತು" ಎಂದರು.

"ಏನು ಗೊತ್ತು?"

"ಮೊದ್ಲು ಮುಟ್ಟೋದು, ಆಮೇಲೆ ಒತ್ತೋದು. ಊರಲ್ಲಿ ಹಾಗೆ ಕಲಿಸೋಳು ಅವಳೊಬ್ಬಳೇ. ನಿನ್ನೆ ಆ ಲಾರಿ ಬಂತಲ್ಲ, ಆಗ್ಲೇ ಗೊತ್ತಾಯ್ತು. ನೀನಿಲ್ಲಿ ತುಳಿದ್ರೆ ಅಲ್ಲಿ ನನ್ನ ಪೆಡಲ್ ಇಳಿಯತ್ತಲ್ವೇನೇ. ಇಡೀ ಜನ್ಮ ಬ್ರೇಕಿನ ಮೇಲೇ ಕಾಲಿಟ್ಟಿದೀನಿ, ಅಷ್ಟು ಗೊತ್ತಾಗಲ್ವಾ?"

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆಯಿಂದ! ಲಾರಿ ಬಂದ ತಿರುವಿನಿಂದ! ನಾನು ಕಳ್ಳಿಯ ಹಾಗೆ ಸದ್ದಿಲ್ಲದೆ ತುಳಿದದ್ದೇನು, ಇವರು "ನೋಡಿದ್ಯಾ ಹೇಗೆ ಹಿಡೀತು" ಎಂದು ಮೆರೆದದ್ದೇನು, ಕೆರೆ ದಂಡೆಯಲ್ಲಿ ಕುದುರೆ ತೋರಿಸಿದ್ದೇನು!

"ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ಯಾಕೆ? ಬೇರೆ ಎಲ್ಲದಕ್ಕೂ ಬಿಡ್ತೀರಲ್ಲ!"

ಇವರು ಬೆಲ್ಟ್ ಎಳೆದು ಸರಿಮಾಡಿಕೊಂಡರು.

"ಹೇಳಿದ್ರೆ ನೀನು ಕಾಲು ತೆಗೀತಿದ್ದೆ" ಎಂದರು.

ಖಂಡಿತ ತೆಗೆಯುತ್ತಿದ್ದೆ. ಮೂತಿ ತಿರುಗಿಸಿಕೊಂಡು ಕೂರುತ್ತಿದ್ದೆ, "ನೀವೇ ಮೇಷ್ಟ್ರಲ್ವಾ, ತುಳೀರಿ" ಎನ್ನುತ್ತಿದ್ದೆ. ನನ್ನನ್ನು ಇವರು ಇಷ್ಟು ಚೆನ್ನಾಗಿ ಬಲ್ಲರು ಎಂಬುದು ನನಗೆ ಗೊತ್ತಿರಲಿಲ್ಲ. ಕಣ್ಣು ಮಂಜಾಯಿತು, ಒರೆಸಿಕೊಂಡೆ. ಘಾಟಿಯಲ್ಲಿ ಕಣ್ಣು ಮಂಜಾದರೆ ಮೇಷ್ಟ್ರು ಬಯ್ಯುತ್ತಾರೆ.

ಮುಂದಿನ ತಿರುವು ಬಂತು. ಇವರ ಬಾಯಿ ತಾನಾಗಿ ತೆರೆಯಿತು. "ಸೆಕೆಂಡ್ ಗೇರಿಗೆ..."

ನಾನು ಒಂದು ಸಲ ಆ ಕಡೆ ನೋಡಿದೆ, ಅಷ್ಟೇ. ಬಾಯಿ ಮುಚ್ಚಿಕೊಂಡರು. ಆಮೇಲೆ ಬಗ್ಗಿ ಶೂ ಬಿಚ್ಚಿದರು. ಪಕ್ಕದ ಸೀಟಿನಲ್ಲಿ ಕೂತು ಒಂದು ಗಳಿಗೆಯೂ ಆ ಬ್ರೇಕಿನ ಮೇಲಿಂದ ಕಾಲು ತೆಗೆಯದ ಮನುಷ್ಯ, ಎರಡೂ ಕಾಲು ಮೇಲೆ ಎಳೆದುಕೊಂಡು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ನಾನು ಸೆಕೆಂಡ್ ಗೇರಿಗೆ ಹಾಕಿದೆ. ಅದು ಅವರು ಹೇಳಿದ್ದಕ್ಕಲ್ಲ, ಹೇಗೂ ಹಾಕಬೇಕಿತ್ತು.